ತಂತ್ರಾಂಶ ಉತ್ಪನ್ನ ವಿನ್ಯಾಸ

ತಂತ್ರಾಂಶ ಉತ್ಪನ್ನ ವಿನ್ಯಾಸ: ಒಂದು ತಂತ್ರಾಂಶ ಯಾರಿಗೆ, ಯಾವ ಕೆಲಸಕ್ಕೆ ಬೇಕು, ಅದು ಹೇಗೆ ನಡೆದುಕೊಳ್ಳಬೇಕು, ತೆರೆಯ ಮೇಲೆ ಹೇಗೆ ಕಾಣಬೇಕು ಎಂಬುದನ್ನು ಬಳಕೆದಾರರ ಅಧ್ಯಯನ, ಮಾದರಿಗಳ ತಯಾರಿ ಹಾಗೂ ಪರೀಕ್ಷೆಗಳ ಮೂಲಕ ತೀರ್ಮಾನಿಸುವ ಕ್ರಮಬದ್ಧ ಕಾರ್ಯವಿಧಾನ. ಈ ತೀರ್ಮಾನಗಳು ಒಂದೇ ಸಲಕ್ಕೆ ಅಂತಿಮವಾಗುವುದಿಲ್ಲ. ಪ್ರತಿ ಪರೀಕ್ಷೆಯ ಫಲಿತಾಂಶ ಹಿಂದಿನ ಹಂತದ ಕೆಲಸವನ್ನು ತಿದ್ದುತ್ತದೆ. ಬರೆದು ಮುಗಿಸಿದ ಕೋಡನ್ನು ಬದಲಾಯಿಸುವುದಕ್ಕಿಂತ ಕಾಗದದ ಮೇಲಿನ ರೇಖಾಚಿತ್ರವನ್ನು ಬದಲಾಯಿಸುವುದು ಅಗ್ಗ. ಆದ್ದರಿಂದ ತಪ್ಪು ಊಹೆಗಳನ್ನು ಆದಷ್ಟು ಬೇಗ, ಆದಷ್ಟು ಕಡಿಮೆ ವೆಚ್ಚದಲ್ಲಿ ಪತ್ತೆಹಚ್ಚುವುದು ಈ ಕಾರ್ಯವಿಧಾನದ ಮುಖ್ಯ ಉದ್ದೇಶ.

ವ್ಯಾಪ್ತಿ ಮತ್ತು ಪರಿಭಾಷೆ

ತಂತ್ರಾಂಶದ ಒಳರಚನೆ, ದತ್ತಾಂಶದ ಜೋಡಣೆ, ಘಟಕಗಳ ನಡುವಿನ ಸಂಪರ್ಕ ಇವುಗಳ ಯೋಜನೆಗೆ ಆರ್ಕಿಟೆಕ್ಚರ್ ಎಂದು ಹೆಸರು. ಅದು ಎಂಜಿನಿಯರುಗಳ ಕಾರ್ಯಕ್ಷೇತ್ರ. ಉತ್ಪನ್ನ ವಿನ್ಯಾಸ ಅದಕ್ಕಿಂತ ಬೇರೆ. ಅದು ಬಳಕೆದಾರ ಎದುರಿಸುವ ಭಾಗಕ್ಕೆ ಸಂಬಂಧಿಸಿದ್ದು.

ತೆರೆಯ ಮೇಲಿನ ಗುಂಡಿ, ಪಟ್ಟಿ, ಅಕ್ಷರ, ಬಣ್ಣಗಳ ಯೋಜನೆ ಇಂಟರ್‌ಫೇಸ್ ವಿನ್ಯಾಸ. ಬಳಕೆದಾರನ ಕ್ರಿಯೆಗೆ ತಂತ್ರಾಂಶ ಹೇಗೆ ಪ್ರತಿಕ್ರಿಯಿಸಬೇಕೆಂಬುದರ ಯೋಜನೆ ಅಂತರ್‌ಕ್ರಿಯಾ ವಿನ್ಯಾಸ. ತಂತ್ರಾಂಶದೊಂದಿಗಿನ ಮೊದಲ ಪರಿಚಯದಿಂದ ಕೊನೆಯ ಬಳಕೆಯವರೆಗಿನ ಒಟ್ಟು ಒಡನಾಟಕ್ಕೆ ಬಳಕೆದಾರ ಅನುಭವ ಎಂದು ಹೆಸರು. ಉತ್ಪನ್ನ ವಿನ್ಯಾಸ ಈ ಮೂರನ್ನೂ ಒಳಗೊಂಡು, ಇವುಗಳ ಜೊತೆಗೆ ಉತ್ಪನ್ನದ ವ್ಯಾಪಾರ ಉದ್ದೇಶವನ್ನೂ ತಾಂತ್ರಿಕ ಮಿತಿಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ.

ಈ ಕ್ಷೇತ್ರದ ಕೇಂದ್ರ ಪರಿಕಲ್ಪನೆ ಬಳಕೆಯೋಗ್ಯತೆ. ಐಎಸ್‌ಒ 9241-11 ಮಾನಕದ ಪ್ರಕಾರ ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸಂದರ್ಭದಲ್ಲಿ ತಮ್ಮ ಗುರಿಯನ್ನು ಎಷ್ಟು ಪೂರ್ಣವಾಗಿ, ಎಷ್ಟು ಕಡಿಮೆ ಶ್ರಮದಲ್ಲಿ, ಎಷ್ಟು ತೃಪ್ತಿಯಿಂದ ಸಾಧಿಸುತ್ತಾರೆ ಎಂಬುದು ಬಳಕೆಯೋಗ್ಯತೆಯ ಅಳತೆ. ಈ ಮಾನಕ 1998ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕರಣೆಗೊಂಡಿತು. ಅಂಗವೈಕಲ್ಯವಿರುವವರೂ ಉತ್ಪನ್ನವನ್ನು ಬಳಸಬಲ್ಲಂತೆ ಮಾಡುವ ಗುಣಕ್ಕೆ ಸುಗಮ್ಯತೆ ಎಂದು ಹೆಸರು.

ಉಗಮ ಮತ್ತು ಬೆಳವಣಿಗೆ

ಆರಂಭದ ಕಂಪ್ಯೂಟರುಗಳನ್ನು ನಡೆಸುತ್ತಿದ್ದವರು ತರಬೇತಿ ಪಡೆದ ತಜ್ಞರು. ಬಳಕೆದಾರ ಯಂತ್ರಕ್ಕೆ ಹೊಂದಿಕೊಳ್ಳಬೇಕಾಗಿತ್ತು. 1963ರಲ್ಲಿ ಐವನ್ ಸದರ್‌ಲ್ಯಾಂಡ್ ರೂಪಿಸಿದ ಸ್ಕೆಚ್‌ಪ್ಯಾಡ್ ತೆರೆಯ ಮೇಲೆ ನೇರವಾಗಿ ಚಿತ್ರ ಬರೆಯುವ ಸಾಧ್ಯತೆಯನ್ನು ತೋರಿಸಿತು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೌಸ್ ಮತ್ತು ಹೈಪರ್‌ಟೆಕ್ಸ್ಟ್‌ಗಳ ಪ್ರಾತ್ಯಕ್ಷಿಕೆ ನೀಡಿದರು. ಅದೇ ವರ್ಷ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ನೇಟೊ ಸಮ್ಮೇಳನದಲ್ಲಿ ತಂತ್ರಾಂಶ ತಯಾರಿಕೆಯನ್ನು ಎಂಜಿನಿಯರಿಂಗ್ ಶಿಸ್ತಾಗಿ ಕಾಣಬೇಕೆಂಬ ಚರ್ಚೆ ನಡೆಯಿತು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಪ್ರಬಂಧದಲ್ಲಿ ಅಗತ್ಯಗಳ ಪಟ್ಟಿ, ವಿನ್ಯಾಸ, ಕೋಡ್, ಪರೀಕ್ಷೆ ಎಂಬ ಅನುಕ್ರಮದ ಚಿತ್ರವಿತ್ತು. ಇದು ಮುಂದೆ ಜಲಪಾತ ಮಾದರಿ ಎಂದು ಹೆಸರಾಯಿತು. ಆದರೆ ಹಂತಗಳನ್ನು ಒಂದೇ ದಿಕ್ಕಿನಲ್ಲಿ ಮುಗಿಸುವುದು ಅಪಾಯಕರ ಎಂದು ರಾಯ್ಸ್ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು.

ಇಂದಿನ ಅರ್ಥದ ಉತ್ಪನ್ನ ವಿನ್ಯಾಸ ಪೂರ್ಣಪ್ರಮಾಣದಲ್ಲಿ ಕಾಣಿಸಿಕೊಂಡ ಆರಂಭಿಕ ಯೋಜನೆಗಳಲ್ಲಿ ಜೆರಾಕ್ಸ್ ಸ್ಟಾರ್ ಪ್ರಮುಖವಾದದ್ದು. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ತಯಾರಾದ ಆಲ್ಟೊ ಯಂತ್ರದ ಅನುಭವವನ್ನು ಆಧರಿಸಿ, ಕಚೇರಿ ನೌಕರರಿಗೆಂದು ಇದನ್ನು ರೂಪಿಸಲಾಯಿತು. ಕಡತ, ಲಕೋಟೆ, ಮುದ್ರಕಗಳು ತೆರೆಯ ಮೇಲೆ ಚಿಹ್ನೆಗಳಾಗಿ ಕಾಣುವ ಮೇಜಿನ ರೂಪಕ ಇದರ ವೈಶಿಷ್ಟ್ಯ. ಇದರ ಇಂಟರ್‌ಫೇಸ್ ವಿನ್ಯಾಸಕ್ಕೆ ಸುಮಾರು 30 ಮಾನವ-ವರ್ಷಗಳ ಶ್ರಮ ವಿನಿಯೋಗವಾಯಿತು. ಯಂತ್ರಾಂಶ ಸಿದ್ಧವಾಗುವ ಮೊದಲೇ ಇಂಟರ್‌ಫೇಸನ್ನು ಯೋಜಿಸಲಾಗಿತ್ತು. ಮೌಸ್‌ಗೆ ಎಷ್ಟು ಗುಂಡಿಗಳಿರಬೇಕು ಎಂಬುದನ್ನು ಪ್ರಯೋಗಗಳ ಮೂಲಕ ನಿರ್ಧರಿಸಿ ಎರಡು ಗುಂಡಿಗಳಿಗೆ ನಿಲ್ಲಿಸಲಾಯಿತು. ಚಿಹ್ನೆಗಳ ನಾಲ್ಕು ಬೇರೆಬೇರೆ ಗುಂಪುಗಳನ್ನು ಬರೆಸಿ, ಜನ ಯಾವುದನ್ನು ಬೇಗ ಗುರುತಿಸುತ್ತಾರೆ ಎಂದು ಪರೀಕ್ಷಿಸಲಾಯಿತು. 1981ರಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಯಂತ್ರದ ಬೆಲೆ 16,000 ಡಾಲರಿಗೂ ಹೆಚ್ಚಿತ್ತು. ಅದೇ ವರ್ಷ ಬಂದ ಐಬಿಎಂ ಪಿಸಿಯ ಆರಂಭಿಕ ಬೆಲೆ 1,565 ಡಾಲರ್. ಸ್ಟಾರ್ ವ್ಯಾಪಾರದಲ್ಲಿ ಯಶಸ್ವಿಯಾಗಲಿಲ್ಲ. ಅದರಲ್ಲಿ ಕಂಡ ಮೇಜಿನ ರೂಪಕ ಆಪಲ್ ಕಂಪನಿಯ ಲಿಸಾ (1983) ಮತ್ತು ಮ್ಯಾಕಿಂಟೋಷ್ (1984) ಯಂತ್ರಗಳಲ್ಲಿ ಮುಂದುವರಿಯಿತು.

1985ರಲ್ಲಿ ಜಾನ್ ಗೋಲ್ಡ್ ಮತ್ತು ಕ್ಲೇಟನ್ ಲೂಯಿಸ್ ಮೂರು ಸೂತ್ರಗಳನ್ನು ಮುಂದಿಟ್ಟರು: ಆರಂಭದಿಂದಲೇ ಬಳಕೆದಾರರ ಮೇಲೆ ಗಮನ, ಅಳತೆಯ ಆಧಾರದ ಪರೀಕ್ಷೆ, ಪುನರಾವರ್ತಿತ ವಿನ್ಯಾಸ. 1986ರಲ್ಲಿ ಡೊನಾಲ್ಡ್ ನಾರ್ಮನ್ ಮತ್ತು ಸ್ಟೀಫನ್ ಡ್ರೇಪರ್ ಸಂಪಾದಿಸಿದ ಗ್ರಂಥದಿಂದ ಬಳಕೆದಾರಕೇಂದ್ರಿತ ವಿನ್ಯಾಸ ಎಂಬ ಪದ ಪ್ರಚಾರಕ್ಕೆ ಬಂತು. ನಾರ್ಮನ್ 1993ರಲ್ಲಿ ಆಪಲ್ ಸೇರಿದ ಮೇಲೆ ಬಳಕೆದಾರ ಅನುಭವ ಎಂಬ ಮಾತು ಹುದ್ದೆಯ ಹೆಸರಿನಲ್ಲೂ ಸೇರಿತು. ಸ್ಕ್ಯಾಂಡಿನೇವಿಯಾದಲ್ಲಿ 1970ರ ದಶಕದಿಂದಲೇ ಕಾರ್ಮಿಕ ಸಂಘಗಳ ಸಹಯೋಗದಲ್ಲಿ ಸಹಭಾಗಿ ವಿನ್ಯಾಸ ಎಂಬ ಬೇರೊಂದು ಪರಂಪರೆ ಬೆಳೆಯಿತು. ಯಂತ್ರವನ್ನು ಬಳಸಲಿರುವ ನೌಕರರೇ ಅಲ್ಲಿ ವಿನ್ಯಾಸದಲ್ಲಿ ಪಾಲುದಾರರು.

2001ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ತಂತ್ರಾಂಶ ಪರಿಣತರು ಅಜೈಲ್ ಪ್ರಣಾಳಿಕೆಯನ್ನು ಪ್ರಕಟಿಸಿದರು. ಕಿರು ಅವಧಿಗಳಲ್ಲಿ ಕೆಲಸ ಮಾಡಿ, ಆಗಾಗ ಬಿಡುಗಡೆ ಮಾಡುವ ಈ ಕ್ರಮಕ್ಕೆ ವಿನ್ಯಾಸವನ್ನು ಹೊಂದಿಸುವುದು ಮುಂದಿನ ದಶಕದ ಮುಖ್ಯ ಪ್ರಶ್ನೆಯಾಯಿತು.

ಪ್ರಕ್ರಿಯೆಯ ರಚನೆ

ಐಎಸ್‌ಒ 9241-210 ಮಾನಕ ನಾಲ್ಕು ಚಟುವಟಿಕೆಗಳನ್ನು ಹೆಸರಿಸುತ್ತದೆ: ಬಳಕೆಯ ಸಂದರ್ಭವನ್ನು ಅರಿಯುವುದು, ಬಳಕೆದಾರರ ಅಗತ್ಯಗಳನ್ನು ನಿರೂಪಿಸುವುದು, ವಿನ್ಯಾಸಗಳನ್ನು ರಚಿಸುವುದು, ಅವುಗಳನ್ನು ಮೌಲ್ಯಮಾಪನ ಮಾಡುವುದು. 1999ರ ಐಎಸ್‌ಒ 13407ರ ಸ್ಥಾನದಲ್ಲಿ 2010ರಲ್ಲಿ ಬಂದ ಈ ಮಾನಕ 2019ರಲ್ಲಿ ಪರಿಷ್ಕೃತವಾಯಿತು. ಪ್ರಾಯೋಗಿಕವಾಗಿ ಈ ಚಟುವಟಿಕೆಗಳು ಕೆಳಗಿನ ಹಂತಗಳಾಗಿ ವಿಂಗಡಣೆಗೊಳ್ಳುತ್ತವೆ.

ಶೋಧ: ಬಳಕೆದಾರರನ್ನು ಅವರ ಕೆಲಸದ ಜಾಗದಲ್ಲೇ ಗಮನಿಸುವುದು, ಸಂದರ್ಶನ, ಸಮೀಕ್ಷೆ, ಗ್ರಾಹಕ ಸೇವಾ ಕೇಂದ್ರಕ್ಕೆ ಬಂದ ದೂರುಗಳ ಪರಿಶೀಲನೆ, ಪ್ರತಿಸ್ಪರ್ಧಿ ಉತ್ಪನ್ನಗಳ ಅಧ್ಯಯನ ಈ ಹಂತದ ವಿಧಾನಗಳು. ಜನ ಹೇಳುವುದಕ್ಕೂ ಮಾಡುವುದಕ್ಕೂ ವ್ಯತ್ಯಾಸವಿರುವುದರಿಂದ ಸಂದರ್ಶನದ ಜೊತೆಗೆ ವೀಕ್ಷಣೆಯೂ ಇರುತ್ತದೆ.

ಸಮಸ್ಯೆಯ ನಿರೂಪಣೆ: ಸಂಗ್ರಹಿಸಿದ ಮಾಹಿತಿಯನ್ನು ವಿಂಗಡಿಸಿ ಬಿಡಿಸಬೇಕಾದ ಸಮಸ್ಯೆಯನ್ನು ಸ್ಪಷ್ಟ ವಾಕ್ಯಗಳಲ್ಲಿ ಬರೆಯುತ್ತಾರೆ. ಬಳಕೆದಾರರ ಒಂದು ವರ್ಗವನ್ನು ಪ್ರತಿನಿಧಿಸುವ ಕಲ್ಪಿತ ವ್ಯಕ್ತಿಚಿತ್ರಕ್ಕೆ ಪರ್ಸೋನಾ ಎಂದು ಹೆಸರು. ಅಲನ್ ಕೂಪರ್ 1990ರ ದಶಕದ ಕೊನೆಯಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಬಳಕೆದಾರ ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಹೇಗೆ ಮಾಡುತ್ತಾನೆ, ಎಲ್ಲಿ ತಡವರಿಸುತ್ತಾನೆ ಎಂಬುದನ್ನು ತೋರಿಸುವ ಪಯಣ ನಕ್ಷೆಯೂ ಇಲ್ಲಿ ಬಳಕೆಯಾಗುತ್ತದೆ. ಉತ್ಪನ್ನದ ಯಶಸ್ಸನ್ನು ಯಾವ ಅಳತೆಯಿಂದ ನಿರ್ಧರಿಸಬೇಕು ಎಂಬ ತೀರ್ಮಾನವೂ ಈ ಹಂತದ್ದೇ.

ಪರಿಹಾರಗಳ ರಚನೆ: ಒಂದೇ ಸಮಸ್ಯೆಗೆ ಹಲವು ಪರಿಹಾರಗಳನ್ನು ರೇಖಾಚಿತ್ರಗಳಲ್ಲಿ ಬರೆದು ಹೋಲಿಸುತ್ತಾರೆ. ಮಾಹಿತಿಯನ್ನು ಯಾವ ಶೀರ್ಷಿಕೆಗಳ ಅಡಿಯಲ್ಲಿ ಜೋಡಿಸಬೇಕೆಂದು ತಿಳಿಯಲು, ಬಳಕೆದಾರರಿಗೆ ಚೀಟಿಗಳನ್ನು ಕೊಟ್ಟು ಗುಂಪು ಮಾಡಿಸುವ ವಿಧಾನವಿದೆ. ಒಂದು ತೆರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯ ನಕ್ಷೆ ಇಲ್ಲಿ ಸಿದ್ಧವಾಗುತ್ತದೆ.

ಮಾದರಿ ತಯಾರಿ: ಕಾಗದದ ಮಾದರಿ, ಬಣ್ಣ ಮತ್ತು ಅಲಂಕಾರಗಳಿಲ್ಲದೆ ಅಂಗಗಳ ಸ್ಥಾನವನ್ನಷ್ಟೇ ತೋರಿಸುವ ವೈರ್‌ಫ್ರೇಮ್, ನಿಜವಾದ ಉತ್ಪನ್ನದಂತೆಯೇ ಕಾಣುವ ಪ್ರೊಟೊಟೈಪ್ ಎಂಬ ಕ್ರಮದಲ್ಲಿ ಮಾದರಿಯ ಸೂಕ್ಷ್ಮತೆ ಹೆಚ್ಚುತ್ತದೆ. ಒರಟು ಮಾದರಿ ಉತ್ಪನ್ನದ ಮೂಲ ಕಲ್ಪನೆಯನ್ನು ಪರೀಕ್ಷಿಸಲು ಅನುಕೂಲ. ನಯವಾದ ಮಾದರಿ ಅಕ್ಷರದ ಗಾತ್ರ, ಪದಬಳಕೆ, ಚಲನೆಯಂಥ ವಿವರಗಳನ್ನು ಪರೀಕ್ಷಿಸಲು ಅನುಕೂಲ. ಯಂತ್ರ ಉತ್ತರಿಸುತ್ತಿರುವಂತೆ ತೋರಿಸಿ, ಹಿಂದೆ ಮನುಷ್ಯನೇ ಉತ್ತರ ಕೊಡುವ ಮಾದರಿಗಳೂ ಉಂಟು. ಧ್ವನಿ ಆಧಾರಿತ ಸೇವೆಗಳ ಆರಂಭಿಕ ಪರೀಕ್ಷೆಗೆ ಇದು ರೂಢಿಯಲ್ಲಿದೆ.

ಪರೀಕ್ಷೆ: ಬಳಕೆಯೋಗ್ಯತಾ ಪರೀಕ್ಷೆಯಲ್ಲಿ ಬಳಕೆದಾರನಿಗೆ ಒಂದು ಕೆಲಸ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಮಾಡಲು ಕೇಳುತ್ತಾರೆ. ಪರೀಕ್ಷಕ ಸಹಾಯ ಮಾಡದೆ ಗಮನಿಸುತ್ತಾನೆ. ಯಾಕೋಬ್ ನೀಲ್ಸನ್ ಮತ್ತು ರಾಲ್ಫ್ ಮೋಲಿಕ್ 1990ರಲ್ಲಿ ಪ್ರಕಟಿಸಿದ ತಜ್ಞ ಪರಿಶೀಲನಾ ವಿಧಾನದಲ್ಲಿ ಬಳಕೆದಾರರಿಲ್ಲದೆಯೇ, ನಿಗದಿತ ತತ್ತ್ವಗಳ ಪಟ್ಟಿಯೊಂದಿಗೆ ವಿನ್ಯಾಸವನ್ನು ತಾಳೆ ನೋಡುತ್ತಾರೆ. ನೀಲ್ಸನ್ 1994ರಲ್ಲಿ ಈ ಪಟ್ಟಿಯನ್ನು 10 ತತ್ತ್ವಗಳಿಗೆ ಪರಿಷ್ಕರಿಸಿದರು. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ 10 ಹೇಳಿಕೆಗಳ ಪ್ರಶ್ನಾವಳಿ ಬಳಕೆದಾರರ ಅಭಿಪ್ರಾಯವನ್ನು 0ಯಿಂದ 100ರವರೆಗಿನ ಅಂಕವಾಗಿ ಕೊಡುತ್ತದೆ.

ನಿರ್ಮಾಣಕ್ಕೆ ಹಸ್ತಾಂತರ: ಅಂತಿಮಗೊಂಡ ವಿನ್ಯಾಸವನ್ನು ಎಂಜಿನಿಯರುಗಳಿಗೆ ಒಪ್ಪಿಸುವಾಗ ಅಳತೆ, ಬಣ್ಣ, ಅಂತರಗಳ ಜೊತೆಗೆ ಅಸಾಮಾನ್ಯ ಸ್ಥಿತಿಗಳನ್ನೂ ವಿವರಿಸಬೇಕಾಗುತ್ತದೆ. ಪಟ್ಟಿ ಖಾಲಿಯಿದ್ದಾಗ, ಜಾಲಸಂಪರ್ಕ ಕಡಿದಾಗ, ಬಳಕೆದಾರ ತಪ್ಪು ಮಾಹಿತಿ ತುಂಬಿದಾಗ, ಹೆಸರು ತೀರ ಉದ್ದವಾದಾಗ ತೆರೆ ಹೇಗಿರಬೇಕು ಎಂಬುದು ಇದರಲ್ಲಿ ಸೇರುತ್ತದೆ. ಕೋಡ್ ಸಿದ್ಧವಾದ ಮೇಲೆ ಅದು ವಿನ್ಯಾಸಕ್ಕೆ ಹೊಂದುತ್ತದೆಯೇ ಎಂದು ವಿನ್ಯಾಸಕಾರರು ಮತ್ತೆ ಪರಿಶೀಲಿಸುತ್ತಾರೆ.

ಬಿಡುಗಡೆಯ ನಂತರದ ಅಳತೆ: ಎಷ್ಟು ಜನ ಕೆಲಸ ಪೂರ್ಣಗೊಳಿಸಿದರು, ಎಲ್ಲಿ ಅರ್ಧಕ್ಕೆ ಬಿಟ್ಟರು, ಮತ್ತೆ ಬಂದರೇ ಎಂಬುದನ್ನು ದಾಖಲೆಗಳಿಂದ ತಿಳಿಯುತ್ತಾರೆ. ಎ/ಬಿ ಪರೀಕ್ಷೆಯಲ್ಲಿ ಬಳಕೆದಾರರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಎರಡು ಬೇರೆ ರೂಪಗಳನ್ನು ತೋರಿಸಿ ಫಲಿತಾಂಶ ಹೋಲಿಸುತ್ತಾರೆ. ಗೂಗಲ್ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಹಾರ್ಟ್ ಚೌಕಟ್ಟು ಸಂತೋಷ, ತೊಡಗಿಕೆ, ಹೊಸ ಬಳಕೆ, ಮರುಬಳಕೆ, ಕಾರ್ಯಸಿದ್ಧಿ ಎಂಬ ಐದು ಅಳತೆಗಳನ್ನು ಸೂಚಿಸುತ್ತದೆ.

ತಂಡ ಮತ್ತು ಜವಾಬ್ದಾರಿಗಳು

ಸಾಮಾನ್ಯವಾಗಿ ಪ್ರಾಡಕ್ಟ್ ಮ್ಯಾನೇಜರ್, ವಿನ್ಯಾಸಕಾರ ಮತ್ತು ಮುಖ್ಯ ಎಂಜಿನಿಯರ್ ಮೂವರೂ ಸೇರಿ ತೀರ್ಮಾನ ಕೈಗೊಳ್ಳುತ್ತಾರೆ. ಮಾರ್ಟಿ ಕೇಗನ್ ಅವರ ವಿಂಗಡಣೆಯಂತೆ ಯಾವುದೇ ಉತ್ಪನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು: ಜನರಿಗೆ ಇದು ಬೇಕೇ, ಬಳಸಲು ಬರುತ್ತದೆಯೇ, ಕಟ್ಟಲು ಸಾಧ್ಯವೇ, ಸಂಸ್ಥೆಯ ವ್ಯವಹಾರಕ್ಕೆ ಹೊಂದುತ್ತದೆಯೇ. ಜೆರಾಕ್ಸ್ ಸ್ಟಾರ್ ಎರಡು ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರಿಸಿತ್ತಾದರೂ ಬೆಲೆಯ ಕಾರಣ ನಾಲ್ಕನೆಯದರಲ್ಲಿ ಹಿಂದೆ ಬಿತ್ತು. ದೊಡ್ಡ ಸಂಸ್ಥೆಗಳಲ್ಲಿ ಬಳಕೆದಾರ ಸಂಶೋಧಕರು, ತೆರೆಯ ಮೇಲಿನ ಪದಗಳನ್ನು ಬರೆಯುವ ಲೇಖಕರು, ದತ್ತಾಂಶ ವಿಶ್ಲೇಷಕರು, ಸುಗಮ್ಯತಾ ತಜ್ಞರು ಬೇರೆಬೇರೆಯಾಗಿರುತ್ತಾರೆ. ಸಣ್ಣ ಸಂಸ್ಥೆಗಳಲ್ಲಿ ಒಬ್ಬ ವಿನ್ಯಾಸಕಾರನೇ ಈ ಎಲ್ಲ ಕೆಲಸಗಳನ್ನು ನೋಡಿಕೊಳ್ಳುವುದುಂಟು.

ವಿಧಗಳು

ಅನುಕ್ರಮ ಮಾದರಿ: ವಿನ್ಯಾಸ ಪೂರ್ತಿ ಮುಗಿದ ಮೇಲೆ ನಿರ್ಮಾಣ ಆರಂಭವಾಗುತ್ತದೆ. ವೈದ್ಯಕೀಯ ಉಪಕರಣಗಳಂಥ, ದಾಖಲೆ ಮತ್ತು ಅನುಮೋದನೆ ಕಡ್ಡಾಯವಾದ ಕ್ಷೇತ್ರಗಳಲ್ಲಿ ಇದರ ಅಂಶಗಳು ಉಳಿದಿವೆ.

ಜೋಡಿ ವಜ್ರ ಮಾದರಿ: ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2000ರ ದಶಕದಲ್ಲಿ ರೂಪಿಸಿದ್ದು. ಮೊದಲ ವಜ್ರಾಕೃತಿ ಸಮಸ್ಯೆಯನ್ನೂ ಎರಡನೆಯದು ಪರಿಹಾರವನ್ನೂ ಸೂಚಿಸುತ್ತದೆ. ಎರಡರಲ್ಲೂ ಮೊದಲು ಸಾಧ್ಯತೆಗಳನ್ನು ವಿಸ್ತರಿಸಿ, ಆಮೇಲೆ ಸೋಸಿ ಕಿರಿದು ಮಾಡಲಾಗುತ್ತದೆ.

ಇಬ್ಬಗೆ ದಾರಿಯ ಮಾದರಿ: ಅಜೈಲ್ ತಂಡದಲ್ಲಿ ವಿನ್ಯಾಸ ಮತ್ತು ನಿರ್ಮಾಣ ಸಮಾನಾಂತರವಾಗಿ ನಡೆಯುತ್ತವೆ. ಎಂಜಿನಿಯರುಗಳು ಈ ಅವಧಿಯ ಕೆಲಸವನ್ನು ಕಟ್ಟುತ್ತಿರುವಾಗ ವಿನ್ಯಾಸಕಾರರು ಮುಂದಿನ ಅವಧಿಯ ಕೆಲಸವನ್ನು ರೂಪಿಸಿ, ಹಿಂದಿನ ಅವಧಿಯದನ್ನು ಪರೀಕ್ಷಿಸುತ್ತಾರೆ. ಡೆಸಿರೆ ಸೈ 2007ರ ಪ್ರಬಂಧದಲ್ಲಿ ಈ ಏರ್ಪಾಡನ್ನು ವಿವರಿಸಿದ್ದಾರೆ.

ಲೀನ್ ಮಾದರಿ: ಎರಿಕ್ ರೀಸ್ 2011ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಸಿದ್ಧವಾಯಿತು. ಕನಿಷ್ಠ ಸೌಲಭ್ಯಗಳ ಉತ್ಪನ್ನವನ್ನು ಬೇಗ ಜನರ ಮುಂದಿಟ್ಟು, ಅಳೆದು, ಕಲಿತು, ಮುಂದುವರಿಸಬೇಕೇ ದಾರಿ ಬದಲಿಸಬೇಕೇ ಎಂದು ತೀರ್ಮಾನಿಸಲಾಗುತ್ತದೆ.

ಡಿಸೈನ್ ಸ್ಪ್ರಿಂಟ್: ಜೇಕ್ ನ್ಯಾಪ್ ಗೂಗಲ್‌ನಲ್ಲಿ ಆರಂಭಿಸಿ ಗೂಗಲ್ ವೆಂಚರ್ಸ್‌ನಲ್ಲಿ ಬೆಳೆಸಿದ ಐದು ದಿನಗಳ ವಿಧಾನ. ಸೋಮವಾರ ಸಮಸ್ಯೆಯ ನಕ್ಷೆ, ಮಂಗಳವಾರ ರೇಖಾಚಿತ್ರ, ಬುಧವಾರ ಆಯ್ಕೆ, ಗುರುವಾರ ಮಾದರಿ, ಶುಕ್ರವಾರ ಐವರು ಬಳಕೆದಾರರೊಂದಿಗೆ ಪರೀಕ್ಷೆ ನಡೆಯುತ್ತದೆ.

ಸರ್ಕಾರಿ ಸೇವಾ ಮಾದರಿ: ಬ್ರಿಟನ್ನಿನಲ್ಲಿ 2011ರಲ್ಲಿ ಸ್ಥಾಪನೆಯಾದ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ ಶೋಧ, ಆಲ್ಫಾ, ಬೀಟಾ, ಚಾಲ್ತಿ ಎಂಬ ನಾಲ್ಕು ಘಟ್ಟಗಳನ್ನು ಗೊತ್ತುಪಡಿಸಿದೆ.

ಸಾಧನಗಳು ಮತ್ತು ವಿನ್ಯಾಸ ವ್ಯವಸ್ಥೆ

2010ರವರೆಗೆ ತೆರೆಗಳ ರಚನೆಗೆ ಹೆಚ್ಚಾಗಿ ಚಿತ್ರ ಸಂಪಾದನಾ ತಂತ್ರಾಂಶಗಳೇ ಬಳಕೆಯಲ್ಲಿದ್ದವು. 2010ರಲ್ಲಿ ಬಂದ ಸ್ಕೆಚ್ ಇಂಟರ್‌ಫೇಸ್ ವಿನ್ಯಾಸಕ್ಕೆಂದೇ ರೂಪುಗೊಂಡಿತ್ತು. 2016ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಫಿಗ್ಮಾ ಬ್ರೌಸರ್‌ನಲ್ಲೇ ನಡೆಯುವುದರಿಂದ ಹಲವರು ಒಂದೇ ಕಡತದಲ್ಲಿ ಏಕಕಾಲಕ್ಕೆ ಕೆಲಸ ಮಾಡಲು ಸಾಧ್ಯವಾಯಿತು. ಅದನ್ನು 20 ಶತಕೋಟಿ ಡಾಲರಿಗೆ ಕೊಳ್ಳುವುದಾಗಿ ಅಡೋಬಿ ಕಂಪನಿ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಯುರೋಪ್ ಮತ್ತು ಬ್ರಿಟನ್ನಿನ ನಿಯಂತ್ರಕರ ಆಕ್ಷೇಪದಿಂದ 2023ರ ಡಿಸೆಂಬರ್‌ನಲ್ಲಿ ಒಪ್ಪಂದವನ್ನು ಕೈಬಿಡಲಾಯಿತು.

ಗುಂಡಿ, ನಮೂನೆ, ಬಣ್ಣ, ಅಕ್ಷರಗಳ ಸಿದ್ಧ ಘಟಕಗಳನ್ನೂ ಅವುಗಳ ಬಳಕೆಯ ನಿಯಮಗಳನ್ನೂ ಒಂದೆಡೆ ಇಡುವ ಸಂಗ್ರಹಕ್ಕೆ ವಿನ್ಯಾಸ ವ್ಯವಸ್ಥೆ ಎಂದು ಹೆಸರು. ಗೂಗಲ್ 2014ರಲ್ಲಿ ಪ್ರಕಟಿಸಿದ ಮೆಟೀರಿಯಲ್ ಡಿಸೈನ್ ಇದಕ್ಕೆ ಪರಿಚಿತ ಉದಾಹರಣೆ.

ಉಪಯೋಗಗಳು

ಗ್ರಾಹಕ ಆ್ಯಪ್, ಬ್ಯಾಂಕಿಂಗ್, ಕಚೇರಿ ತಂತ್ರಾಂಶ, ಸರ್ಕಾರಿ ಸೇವೆ ಮುಂತಾದ ಎಲ್ಲೆಡೆ ಈ ಕಾರ್ಯವಿಧಾನ ಬಳಕೆಯಲ್ಲಿದೆ. ಸುರಕ್ಷತೆಗೆ ಸಂಬಂಧಿಸಿದ ಕ್ಷೇತ್ರಗಳಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. 1985ರಿಂದ 1987ರ ನಡುವೆ ಥೆರಾಕ್-25 ವಿಕಿರಣ ಚಿಕಿತ್ಸಾ ಯಂತ್ರದಿಂದ ಆರು ಅತಿವಿಕಿರಣ ಅಪಘಾತಗಳು ಸಂಭವಿಸಿದವು. ತಂತ್ರಾಂಶದ ದೋಷಗಳ ಜೊತೆಗೆ, ವಿವರಣೆಯಿಲ್ಲದ ಸಂಖ್ಯಾರೂಪದ ದೋಷಸೂಚನೆಗಳು, ಒಂದೇ ಕೀಲಿ ಒತ್ತಿ ಚಿಕಿತ್ಸೆ ಮುಂದುವರಿಸಲು ಇದ್ದ ಅವಕಾಶ ಇವೂ ಕಾರಣಗಳಲ್ಲಿ ಸೇರಿದ್ದವು. ವೈದ್ಯಕೀಯ ಉಪಕರಣಗಳ ಬಳಕೆಯೋಗ್ಯತೆಗೆ ಇಂದು ಐಇಸಿ 62366 ಎಂಬ ಪ್ರತ್ಯೇಕ ಮಾನಕವಿದೆ.

ಸುಗಮ್ಯತೆ ಮತ್ತು ಕಾನೂನು

ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಸುಗಮ್ಯತಾ ಮಾರ್ಗಸೂಚಿಯ ಮೊದಲ ಆವೃತ್ತಿ 1999ರಲ್ಲಿ, 2.0 ಆವೃತ್ತಿ 2008ರಲ್ಲಿ, 2.2 ಆವೃತ್ತಿ 2023ರಲ್ಲಿ ಪ್ರಕಟವಾದವು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ಹೊಳಪಿನ ಅಂತರವಿರಬೇಕು ಎಂಬುದು ಇದರ ಎಎ ಹಂತದ ನಿಯಮಗಳಲ್ಲೊಂದು. ಯುರೋಪಿನ ಒಕ್ಕೂಟದ ಸುಗಮ್ಯತಾ ಕಾಯ್ದೆ 2025ರ ಜೂನ್ 28ರಿಂದ ಅನ್ವಯವಾಗುತ್ತಿದೆ. ಭಾರತದಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಮತ್ತು ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಇದಕ್ಕೆ ಸಂಬಂಧಿಸಿವೆ.

ಬಳಕೆದಾರರನ್ನು ದಾರಿತಪ್ಪಿಸಿ ಕೊಳ್ಳುವಂತೆ ಅಥವಾ ಒಪ್ಪುವಂತೆ ಮಾಡುವ ವಿನ್ಯಾಸಗಳಿಗೆ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿದೆ. ಕೇಳದೆಯೇ ಬುಟ್ಟಿಗೆ ವಸ್ತು ಸೇರಿಸುವುದು, ಸುಳ್ಳು ತುರ್ತು ತೋರಿಸುವುದು, ಚಂದಾದಿಂದ ಹೊರಬರಲಾಗದಂತೆ ಸಿಲುಕಿಸುವುದು ಅವುಗಳಲ್ಲಿ ಕೆಲವು.

ಭಾರತ ಮತ್ತು ಕರ್ನಾಟಕದಲ್ಲಿ

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (1961) ಮತ್ತು ಐಐಟಿ ಬಾಂಬೆಯ ಔದ್ಯಮಿಕ ವಿನ್ಯಾಸ ಕೇಂದ್ರ (1969) ದೇಶದ ಹಿರಿಯ ವಿನ್ಯಾಸ ಶಿಕ್ಷಣ ಸಂಸ್ಥೆಗಳು. ಬೆಂಗಳೂರಿನಲ್ಲಿ ಸೃಷ್ಟಿ ಸಂಸ್ಥೆ 1996ರಲ್ಲಿ ಆರಂಭವಾಯಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆವರಣವೊಂದೂ ಅಲ್ಲಿದೆ.

ಕರ್ನಾಟಕ ಸರ್ಕಾರದ ಭೂಮಿ ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕೀಕರಿಸಿತು. ಗ್ರಾಮ ಲೆಕ್ಕಿಗರ ಬಳಿ ಕೈಬರಹದಲ್ಲಿದ್ದ ಪಹಣಿ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ ಆಗ 15 ರೂಪಾಯಿಗೆ ದೊರೆಯತೊಡಗಿತು. ಕೇಂದ್ರದಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ತೆರೆ, ಸಿಬ್ಬಂದಿಯ ಬೆರಳಚ್ಚು ಗುರುತು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ಕಟ್ಟುಪಾಡು ಇವು ಪಾರದರ್ಶಕತೆಯ ಗುರಿಯನ್ನು ವಿನ್ಯಾಸದಲ್ಲೇ ಅಳವಡಿಸಿದ ಕ್ರಮಗಳು.

ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ಆರಂಭಿಸಿದ ಯುಪಿಐ ಬ್ಯಾಂಕ್ ಖಾತೆಯ ಸಂಖ್ಯೆ ಮತ್ತು ಶಾಖೆಯ ಸಂಕೇತಗಳ ಬದಲು ಸರಳ ವಿಳಾಸ ಹಾಗೂ ಕ್ಯೂಆರ್ ಚಿತ್ರಗಳ ಮೂಲಕ ಹಣ ಕಳುಹಿಸುವ ವ್ಯವಸ್ಥೆ. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂತು. ಧ್ವನಿ ಕರೆ, ಮಿಸ್ಡ್ ಕಾಲ್, ಶಬ್ದ ತರಂಗ ಮೊದಲಾದ ಮಾರ್ಗಗಳು ಇದರಲ್ಲಿವೆ.

ಕನ್ನಡದ ಇಂಟರ್‌ಫೇಸ್‌ಗಳಿಗೆ ಪ್ರತ್ಯೇಕ ಅಗತ್ಯಗಳಿವೆ. ಒತ್ತಕ್ಷರಗಳು ಸಾಲಿನ ಕೆಳಗೂ ಗುಣಿತ ಚಿಹ್ನೆಗಳು ಮೇಲೂ ಚಾಚುವುದರಿಂದ ಲ್ಯಾಟಿನ್ ಲಿಪಿಗೆ ಗೊತ್ತುಮಾಡಿದ ಸಾಲಿನ ಎತ್ತರ ಸಾಲುವುದಿಲ್ಲ. ವಿಭಕ್ತಿ ಪ್ರತ್ಯಯ ಮತ್ತು ಸಂಧಿಗಳಿಂದ ಪದಗಳು ಉದ್ದವಾಗುವುದರಿಂದ ಗುಂಡಿಯ ಅಗಲ ಹೆಚ್ಚು ಬೇಕಾಗುತ್ತದೆ. ಒಂದು ಅಕ್ಷರ ಹಲವು ಸಂಕೇತಗಳಿಂದ ಕೂಡಿರುವುದರಿಂದ ಪಠ್ಯವನ್ನು ಮೊಟಕುಗೊಳಿಸುವಾಗ ಅಕ್ಷರದ ನಡುವೆ ಕತ್ತರಿಸದಂತೆ ನೋಡಿಕೊಳ್ಳಬೇಕಾಗುತ್ತದೆ. ಹೆಸರಿಗೆ ಪ್ರತ್ಯಯ ಸೇರಿಸುವ ಸಿದ್ಧ ವಾಕ್ಯಗಳೂ ಸಮಸ್ಯೆ ಒಡ್ಡುತ್ತವೆ: ‘ರವಿ’ ಎಂಬುದು ‘ರವಿಗೆ’ ಆದರೆ ‘ಗಣೇಶ’ ಎಂಬುದು ‘ಗಣೇಶನಿಗೆ’ ಆಗುತ್ತದೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಶೇಷಾದ್ರಿವಾಸು ಅವರ ಬರಹ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಸಾಮಾನ್ಯ ಬಳಕೆದಾರರಿಗೆ ಒದಗಿಸಿದ ಪ್ರಯತ್ನಗಳು.

ಮಿತಿಗಳು

ಐವರು ಬಳಕೆದಾರರೊಂದಿಗೆ ಪರೀಕ್ಷಿಸಿದರೆ ಸುಮಾರು ಶೇ 85ರಷ್ಟು ತೊಡಕುಗಳು ಗೊತ್ತಾಗುತ್ತವೆ ಎಂಬ ನೀಲ್ಸನ್ ಅವರ ಲೆಕ್ಕ, ಪ್ರತಿ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕುಗಳನ್ನು ಎದುರಿಸುತ್ತಾನೆ ಎಂಬ ಊಹೆಯನ್ನು ಆಧರಿಸಿದೆ. ಬಳಕೆದಾರರ ವರ್ಗಗಳು ಹಲವಿದ್ದಾಗ, ತೊಡಕುಗಳು ವಿರಳವಾಗಿದ್ದಾಗ ಈ ಸಂಖ್ಯೆ ಸಾಲದು ಎಂಬ ವಿಮರ್ಶೆಯಿದೆ. ಕ್ಷೇತ್ರ ಅಧ್ಯಯನವಿಲ್ಲದೆ ಬರೆದ ಪರ್ಸೋನಾಗಳು ತಂಡದ ಪೂರ್ವಗ್ರಹಗಳನ್ನೇ ಪ್ರತಿಫಲಿಸಬಹುದು. ಎ/ಬಿ ಪರೀಕ್ಷೆ ಎರಡರಲ್ಲಿ ಯಾವುದು ಮೇಲೆಂದು ತಿಳಿಸುತ್ತದೆಯೇ ಹೊರತು ಕಾರಣವನ್ನು ತಿಳಿಸುವುದಿಲ್ಲ. ಅಲ್ಪಾವಧಿಯ ಅಳತೆಗಳು ದೀರ್ಘಾವಧಿಯ ವಿಶ್ವಾಸವನ್ನು ಹಿಡಿಯುವುದೂ ಕಷ್ಟ. ಗಡುವಿನ ಒತ್ತಡದಲ್ಲಿ ಶೋಧ ಮತ್ತು ಪರೀಕ್ಷೆಯ ಹಂತಗಳನ್ನೇ ಮೊದಲು ಕಡಿತಗೊಳಿಸುವುದು ಸಾಮಾನ್ಯ.

ಇಂದಿನ ಸ್ಥಿತಿ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ನಂತರ ಜನರೇಟಿವ್ ಕೃತಕ ಬುದ್ಧಿಮತ್ತೆಯ ಸಾಧನಗಳು ವಿನ್ಯಾಸದ ಹಲವು ಹಂತಗಳನ್ನು ಪ್ರವೇಶಿಸಿವೆ. ಸಂದರ್ಶನಗಳ ಲಿಪ್ಯಂತರ ಮತ್ತು ವಿಂಗಡಣೆ, ತೆರೆಗಳ ಕರಡು, ವಿವರಣೆಯಿಂದ ನೇರವಾಗಿ ಕೆಲಸ ಮಾಡುವ ಮಾದರಿಯ ತಯಾರಿ ಇವು ಈಗ ಸಾಧ್ಯವಾಗಿವೆ. ಇದರಿಂದ ಮಾದರಿ ತಯಾರಿಕೆಗೂ ಕೋಡ್ ಬರವಣಿಗೆಗೂ ನಡುವಿನ ಗಡಿ ಸಡಿಲವಾಗಿದ್ದು, ಹಸ್ತಾಂತರದ ಹಂತದ ಸ್ವರೂಪ ಬದಲಾಗುತ್ತಿದೆ. ಒಂದೇ ಪ್ರಶ್ನೆಗೆ ಪ್ರತಿ ಸಲವೂ ಒಂದೇ ಉತ್ತರ ನೀಡದ ಇಂಥ ವ್ಯವಸ್ಥೆಗಳನ್ನೇ ಉತ್ಪನ್ನದೊಳಗೆ ಅಳವಡಿಸುವಾಗ, ನಿಗದಿತ ತೆರೆಗಳ ನಕ್ಷೆಯ ಜೊತೆಗೆ ಉತ್ತರಗಳ ಗುಣಮಟ್ಟದ ಮೌಲ್ಯಮಾಪನ, ತಪ್ಪು ಉತ್ತರವನ್ನು ಬಳಕೆದಾರ ಗುರುತಿಸಿ ತಿದ್ದುವ ದಾರಿಗಳ ಯೋಜನೆಯೂ ವಿನ್ಯಾಸದ ಭಾಗವಾಗಿವೆ. ಮಾದರಿ ತಯಾರಿಯ ವೆಚ್ಚ ಇಳಿದಿದ್ದರೂ, ಬಳಕೆಯ ಸಂದರ್ಭದ ಅಧ್ಯಯನ ಮತ್ತು ನಿಜವಾದ ಬಳಕೆದಾರರೊಂದಿಗಿನ ಪರೀಕ್ಷೆ ಪ್ರಕ್ರಿಯೆಯ ಆಧಾರವಾಗಿ ಮುಂದುವರಿದಿವೆ.